ಮೆಣಸು ಅದ್ದುವ ನೀರು ಬಿಸಿಲಲ್ಲೇ ಕುದಿಸಬಹುದಾ?

ಪ್ರಶ್ನೆ (ಸಕಲೇಶಪುರ): ಸಾರ್, ಬಿಡಿಸಿದ ಮೆಣಸನ್ನು ಒಣಗಿಸುವ ಮೊದಲು ಒಂದು ನಿಮಿಷ ಕುದಿಯುವ ನೀರಿನಲ್ಲಿ ಅದ್ದುತ್ತೇವೆ. ಬಣ್ಣ ಒಂದೇ ಸಮ ಕಪ್ಪಾಗುತ್ತದೆ, ಬೇಗ ಒಣಗುತ್ತದೆ. ಆದರೆ ಸೌದೆ ಜಾಸ್ತಿ ಹೋಗುತ್ತದೆ. ಕೇಬಲ್‌ನವರು ಬಿಟ್ಟುಹೋದ 6 ಅಡಿಯ ಡಿಶ್ ಇದೆ. ಅದಕ್ಕೆ ಹೊಳೆಯುವ ಹಾಳೆ ಅಂಟಿಸಿದರೆ ಆಗುತ್ತಾ?

ಉತ್ತರ (ಸೋಲಾರ್ ಎಂಜಿನಿಯರ್): ಆಗುತ್ತದೆ ಸಾರ್. ಡಿಶ್ ಜಾಲರಿಯದ್ದಾಗಿರಬಾರದು, ಗಟ್ಟಿ ತಗಡಿನದೇ ಇರಬೇಕು. 6 ಅಡಿ ಅಂದರೆ ಸುಮಾರು 2.6 ಚದರ ಮೀಟರ್. ಒಳ್ಳೆ ಬಿಸಿಲಲ್ಲಿ ಅದರ ಮೇಲೆ 2 ಕಿಲೋವ್ಯಾಟ್‌ನಷ್ಟು ಶಕ್ತಿ ಬೀಳುತ್ತದೆ, ಅರ್ಧ ನೀರಿಗೆ ಸೇರಿದರೂ 20 ಲೀಟರ್ ಕುದಿಯಲು ಒಂದೂಮುಕ್ಕಾಲು ಗಂಟೆ ಸಾಕು. ಪಾತ್ರೆಯ ಹೊರಗೆ ಮಸಿ ಬಳಿದು ಮುಚ್ಚಳ ಹಾಕಿ.

ಹಾಳೆಯ ವಿಷಯದಲ್ಲಿ ಮಾತ್ರ ಅಗ್ಗ ನೋಡಬೇಡಿ. ಗಿಫ್ಟ್ ಪ್ಯಾಕಿಂಗ್‌ನ ಬೆಳ್ಳಿ ಹಾಳೆ ಮೊದಲ ದಿನ ಫಳಫಳ ಅನ್ನುತ್ತದೆ, ಆಮೇಲೆ ಬಿಸಿಲು, ಮಂಜು ಸೇರಿ ಲೇಪ ಎದ್ದುಹೋಗುತ್ತದೆ. ಸ್ಟೀಲ್ ತಗಡು ಕಣ್ಣಿಗೆ ಹೊಳೆದರೂ ಬಿದ್ದ ಬೆಳಕಿನಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ವಾಪಸ್ ಕೊಡುತ್ತದೆ. ಒಳ್ಳೆ ಗಾಜಿನ ಕನ್ನಡಿ ನೂರಕ್ಕೆ 90ರಷ್ಟು ಕೊಡುತ್ತದೆ, ಆದರೆ 4 ಮಿಲಿಮೀಟರ್ ಗಾಜು ಚದರ ಮೀಟರ್‌ಗೆ 10 ಕೆಜಿ, ಮತ್ತು ಮಲೆನಾಡಿನ ತೇವಕ್ಕೆ ಅದರ ಹಿಂದಿನ ಬಣ್ಣ ಏಳುತ್ತದೆ. ಸೋಲಾರ್‌ಗೆಂದೇ ಪಾಲಿಶ್ ಮಾಡಿದ ಅರ್ಧ ಮಿಲಿಮೀಟರ್ ಅಲ್ಯೂಮಿನಿಯಂ ತಗಡು ಸುಮಾರು 85ರಷ್ಟು ಕೊಡುತ್ತದೆ, ಚದರ ಮೀಟರ್‌ಗೆ ಒಂದೂವರೆ ಕೆಜಿ ಕೂಡ ಇಲ್ಲ. ನನ್ನ ಓಟು ಅದಕ್ಕೇ. ಉದ್ದುದ್ದ ಪಟ್ಟಿ ಕತ್ತರಿಸಿ ಅಂಟಿಸಿ.

ಪ್ರಶ್ನೆ: ಪಾತ್ರೆ ಎಲ್ಲಿಡಬೇಕು?

ಉತ್ತರ: ಡಿಶ್ ಎದುರು ರಿಸೀವರ್ ಇರುತ್ತಿತ್ತಲ್ವಾ, ಅಲ್ಲೇ. ಬೆಳಕೆಲ್ಲ ಒಟ್ಟಾಗುವುದು ಅಲ್ಲಿಯೇ. ಆದರೆ ಆ ಸಣ್ಣ ಕಂಬಿಗಳು 20 ಕೆಜಿ ಹೊರಲ್ಲ. ನೆಲದಿಂದ ಬೇರೆ ಸ್ಟ್ಯಾಂಡ್ ಕೊಟ್ಟು, ಪಾತ್ರೆ ನಿಂತಲ್ಲೇ ನಿಂತು ಡಿಶ್ ಅದರ ಸುತ್ತ ತಿರುಗುವ ಹಾಗೆ ವೆಲ್ಡಿಂಗ್‌ನವರ ಹತ್ತಿರ ಮಾಡಿಸಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುವುದರಿಂದ ಕಾಲು ಗಂಟೆಗೊಮ್ಮೆ ತಿರುಗಿಸಲೇಬೇಕು. ಕಪ್ಪು ಕನ್ನಡಕ ಹಾಕಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕೆಲಸ ಮುಗಿದ ಕೂಡಲೇ ಟಾರ್ಪಾಲ್ ಮುಚ್ಚಿ, ಇಲ್ಲದಿದ್ದರೆ ತರಗೆಲೆಗೆ ಬೆಂಕಿ ಹತ್ತೀತು.

ಪ್ರಶ್ನೆ (ಮೂಡಿಗೆರೆ): ಇದೇ ಡಿಶ್‌ನಲ್ಲಿ ಕಾಫಿ ಒಣಗಿಸಬಹುದಾ ಅಣ್ಣ? ಮಳೆಗಾಲದಲ್ಲಿ ಬಚ್ಚಲಿಗೂ ಉಪಯೋಗ ಆಗುತ್ತಾ?

ಉತ್ತರ: ಕಾಫಿಗೆ ಬೇಡ ಅಣ್ಣ, ಅದಕ್ಕೆ ಹದವಾದ ಬಿಸಿ ಸಾಕು, ಇಲ್ಲಿ ಸುಟ್ಟೇಹೋಗುತ್ತದೆ. ಕಣವೇ ಸರಿ. ಮಳೆಗಾಲದಲ್ಲಂತೂ ಆಗಲ್ಲ. ಡಿಶ್‌ಗೆ ನೇರ ಬಿಸಿಲೇ ಬೇಕು, ಮೋಡದ ಬೆಳಕನ್ನು ಒಂದೆಡೆ ಸೇರಿಸಲು ಬರುವುದಿಲ್ಲ. ಮೆಣಸಿನ ಕೊಯ್ಲು ಬೇಸಿಗೆಯ ಹೊತ್ತಿಗೆ ಬರುವುದರಿಂದಲೇ ಸಕಲೇಶಪುರದವರಿಗೆ ಹೂಂ ಅಂದೆ.