ಬ್ಯಾಕ್ ಉಳಿದದ್ದರಲ್ಲಿ ಮೊದಲು ಯಾವುದು: ಮೆಕ್ಯಾನಿಕ್ಸೋ, ಕೆಮಿಸ್ಟ್ರಿಯೋ?

ಕಲಬುರಗಿ ಸಿವಿಲ್, 3ನೇ ಸೆಮ್:
ಮೊದಲ ವರ್ಷದ್ದು ಮೆಕ್ಯಾನಿಕ್ಸ್, ಕೆಮಿಸ್ಟ್ರಿ ಎರಡೂ ಫೇಲಾಗಿ ಬ್ಯಾಕ್ ಉಳದಾವ. ಈಗ ಸ್ಟ್ರೆಂತ್ ಆಫ್ ಮಟೀರಿಯಲ್ಸ್ ಕ್ಲಾಸ್ ನಡದದ. ಕೆಮಿಸ್ಟ್ರಿ ಹದಿನೈದು ದಿನ ಓದಿದ್ರ ಹೋಗ್ತದ. ಬ್ಯಾಕ್ ಸಂಖ್ಯೆ ಕಮ್ಮಿ ಆದ್ರ ಇಯರ್ ಬ್ಯಾಕ್, ಅಂದ್ರ ಮುಂದಿನ ವರ್ಷಕ್ಕ ಹೋಗದ ಉಳಿಯೋ ಭಯ ಇರಂಗಿಲ್ಲ ಅಂತಾರ. ಯಾವುದು ಮೊದಲು ಹಿಡೀಬೇಕ್ರಿ?

ಸ್ಟ್ರಕ್ಚರ್ಸ್ ಪಾಠ, ಬೀದರ್:
ಎರಡಕ್ಕೂ ಫೀಸು ಕಟ್ಟು ತಮ್ಮಾ, ಆದರೆ ಹೊತ್ತು ಮೆಕ್ಯಾನಿಕ್ಸ್‌ಗೆ ಕೊಡು. ಮುಂದಿನ ವರ್ಷಕ್ಕೆ ಬಿಡುವ ನಿಯಮ ಬ್ಯಾಕ್ ಎಷ್ಟು ಅಂತ ಮಾತ್ರ ಎಣಿಸುತ್ತದೆ, ಯಾವುದು ಅಂತ ನೋಡುವುದಿಲ್ಲ. ಪೆಟ್ಟು ಬೀಳುವುದು ಅಲ್ಲೇ.

ಒಂದು ಹಾಳೆ ತಗೊಂಡು ಬಾಣ ಎಳಿ: ಮೆಕ್ಯಾನಿಕ್ಸ್, ಸ್ಟ್ರೆಂತ್, ಸ್ಟ್ರಕ್ಚರಲ್ ಅನಾಲಿಸಿಸ್, ಅಲ್ಲಿಂದ ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಡಿಸೈನ್ ಮತ್ತು ಸ್ಟೀಲ್ ಡಿಸೈನ್. ಮೆಕ್ಯಾನಿಕ್ಸ್ ಹಿಂದೆ 4 ವಿಷಯ ಕಾದಿವೆ, ಉದ್ದದ ಸರಪಳಿಯಲ್ಲೂ ಮೆಕ್ಯಾನಿಕ್ಸ್ ಸೇರಿ 4 ಕೊಂಡಿ. ಕೂಡಿದರೆ 8. ಕೆಮಿಸ್ಟ್ರಿ ಹಿಂದೆ ಈ ಹಾಳೆಯಲ್ಲಿ ಯಾವುದೂ ಇಲ್ಲ, ಸರಪಳಿ ಅದೊಂದೇ: 1. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪಠ್ಯಕ್ರಮದ ತೊಡಕನ್ನು ಅಳೆಯುವ ಒಂದು ಲೆಕ್ಕವೂ ಇದೇ. ಅಲ್ಲಿ ಹಿಂದಿನದು ಪಾಸಾಗದೆ ಮುಂದಿನದಕ್ಕೆ ನೋಂದಣಿ ಸಿಗದು. ವರ್ಷಕ್ಕೊಮ್ಮೆ ನಡೆಯುವ ಕೋರ್ಸ್ ತಪ್ಪಿದರೆ ವರ್ಷವೇ ಹೋಯಿತು. ನಮ್ಮಲ್ಲಿ ಬಾಗಿಲು ತೆರೆದೇ ಇರುತ್ತದೆ, ಒಳಗೆ ಹೋದಮೇಲೆ ಏನೂ ತಿಳಿಯುವುದಿಲ್ಲ.

6 ಮೀಟರ್ ಬೀಮ್, ಮೀಟರಿಗೆ 10 ಕಿಲೋನ್ಯೂಟನ್ ಭಾರ ಅಂತ ಇಟ್ಟುಕೋ. ಎರಡೂ ತುದಿ ಬರೇ ಆನಿಸಿದ್ದರೆ ಪ್ರತಿ ತುದಿಗೆ 30 ಕಿಲೋನ್ಯೂಟನ್ ಭಾರ, ನಡುವೆ ಮೊಮೆಂಟ್ (ಬೀಮನ್ನು ಬಗ್ಗಿಸುವ ಪರಿಣಾಮ) 45 ಕಿಲೋನ್ಯೂಟನ್-ಮೀಟರ್. ತುದಿಗಳನ್ನು ಬಿಗಿದರೆ ತುದಿಯಲ್ಲಿ ಮೊಮೆಂಟ್ 30, ನಡುವೆ 45ರಲ್ಲಿ 30 ಕಳೆದು 15. ಫ್ರೀ ಬಾಡಿ ಡಯಾಗ್ರಾಂ (ಒಂದು ವಸ್ತುವಿನ ಮೇಲಿನ ಬಲಗಳನ್ನೆಲ್ಲ ತೋರಿಸುವ ಚಿತ್ರ) ಬರೆಯಲು ಬಾರದವರು ತುದಿಯ 30ಕ್ಕೆ ಚಿಹ್ನೆ ತಪ್ಪಿಸಿ ನಡುವೆ 75 ಬರೆಯುತ್ತಾರೆ. ಸೂತ್ರ ಸರಿ ಇರುತ್ತದೆ, ಉತ್ತರ ಐದು ಪಟ್ಟು.

ಸದ್ಯಕ್ಕೆ ಮೆಕ್ಯಾನಿಕ್ಸ್ ಪೂರ್ತಿ ಬೇಡ. ಫ್ರೀ ಬಾಡಿ, ಬೀಮ್ ರಿಯಾಕ್ಷನ್, ಸೆಂಟ್ರಾಯ್ಡ್, ಮೊಮೆಂಟ್ ಆಫ್ ಇನರ್ಶಿಯಾ ಈ ತಿಂಗಳೊಳಗೆ ಮುಗಿಸು. ಬೆಂಡಿಂಗ್ ಸ್ಟ್ರೆಸ್ ಪಾಠ ಬರುವ ಮೊದಲೇ ಕೈಯಲ್ಲಿರಬೇಕು.

ಮ್ಯಾಥ್ಸ್, ಯಾದಗಿರಿ:
ಡಿಪ್ಲೊಮಾದಿಂದ ನೇರ 3ನೇ ಸೆಮ್‌ಗೆ ಬರುವವರೂ ಇದನ್ನು ಓದಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮಿನಲ್ಲಿ ಅವರಿಗೆ ಅಡಿಷನಲ್ ಮ್ಯಾಥ್ಸ್ 1 ಮತ್ತು 2 ಇದ್ದವು. ಕ್ರೆಡಿಟ್ ಇಲ್ಲ, ಮುಂದಿನ ವರ್ಷಕ್ಕೆ ಹೋಗಲೂ ಅಡ್ಡಿಯಿಲ್ಲ, ಆದರೆ ಪಾಸಾಗದೆ ಡಿಗ್ರಿ ಇಲ್ಲ. ಅಡ್ಡಿಯಿಲ್ಲ ಅಂತ ಮುಂದೂಡಿದರೆ ಎಲೆಕ್ಟ್ರಾನಿಕ್ಸ್‌ನವರು ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತಾರೆ. 1/ಎಸ್(ಎಸ್+2) ಅನ್ನು ಪಾರ್ಶಿಯಲ್ ಫ್ರಾಕ್ಷನ್ ಮಾಡಿ ಬಿಡಿಸಲು ಬಾರದಿದ್ದರೆ ಲಾಪ್ಲಾಸ್ ವಿಧಾನದಲ್ಲಿ ಸ್ಟೆಪ್ ರೆಸ್ಪಾನ್ಸ್ (ಇನ್‌ಪುಟ್ ಒಮ್ಮೆಲೇ ಏರಿದಾಗ ಬರುವ ಔಟ್‌ಪುಟ್) ಬರುವುದೇ ಇಲ್ಲ. ತೊಡಕು ಲಾಪ್ಲಾಸ್‌ನದ್ದಲ್ಲ, ಪಿಯುಸಿ ಮಟ್ಟದ ಬೀಜಗಣಿತದ್ದು.

ಕಲಬುರಗಿ ಸಿವಿಲ್, 3ನೇ ಸೆಮ್:
ಮೆಕ್ಯಾನಿಕ್ಸ್ ಇಂಟರ್ನಲ್ಸ್ (ಕಾಲೇಜಿನೊಳಗಿನ ಅಂಕ) ಪಾಸಾಗೇದ್ರಿ, ಹೊರಗಿನ ಪರೀಕ್ಷೆ ಅಷ್ಟೇ ಹೋಗ್ಯಾದ.

ಸ್ಟ್ರಕ್ಚರ್ಸ್ ಪಾಠ, ಬೀದರ್:
ಹಂಗಾದ್ರ ಛಲೋ. ಇಂಟರ್ನಲ್ಸೇ ಹೋಗಿದ್ದರೆ ಮತ್ತೆ ನೋಂದಾಯಿಸಬೇಕಿತ್ತು. ಹಳೇ ಐದು ಪ್ರಶ್ನೆಪತ್ರಿಕೆ ತಗೊಂಡು ಬೀಮ್ ರಿಯಾಕ್ಷನ್ ಲೆಕ್ಕದಿಂದ ಶುರು ಮಾಡು.