ಪದ ಬೇಕು: ಕೊಂದು ತೆಗೆದ ಉಣ್ಣೆ, ಕೂದಲಿರುವ ತೊಗಲು, ಬೋನಿನಲ್ಲಿಟ್ಟ ಕಾಡುಪ್ರಾಣಿ

ಎಲ್ಲರಿಗೂ ನಮಸ್ಕಾರ.

ಬಟ್ಟೆ, ಬ್ಯಾಗು, ಶಾಲುಗಳಿಗಾಗಿ ಕಾಡುಪ್ರಾಣಿಗಳನ್ನು ಕೊಲ್ಲುವುದು ನಿಲ್ಲಬೇಕು ಎಂದು ಹೈಸ್ಕೂಲ್ ಮಕ್ಕಳಿಗೆ ಹೇಳುವ ಪುಟ್ಟ ಪುಸ್ತಕವೊಂದನ್ನು ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಕೈ ನಿಂತುಬಿಟ್ಟಿದೆ. ನಿಮ್ಮ ನೆರವು ಬೇಕು.

ಮೊದಲನೆಯದು ಶಾಹ್ತೂಷ್. ಟಿಬೆಟ್ಟಿನ ಎತ್ತರದ ಬಯಲಿನಲ್ಲೂ ಅಲ್ಪಸ್ವಲ್ಪ ನಮ್ಮ ಲಡಾಖ್‌ನಲ್ಲೂ ಇರುವ ಚಿರು ಎಂಬ ಹುಲ್ಲೆಯ ಒಳಗೂದಲು ಅದು. ಎಳೆಯ ದಪ್ಪ 10 ಮೈಕ್ರಾನ್ (ಮಿಲಿಮೀಟರಿನ ನೂರನೇ ಒಂದು ಭಾಗ) ಆಸುಪಾಸು. ಇಡೀ ಶಾಲನ್ನು ಉಂಗುರದೊಳಗಿಂದ ಎಳೆದು ತೆಗೆಯಬಹುದು. ಒಂದು ಶಾಲಿಗೆ ಮೂರರಿಂದ ಐದು ಚಿರು ಬೇಕು. ಹಿಡಿದು ನಿಲ್ಲಿಸಿ ಕೂದಲು ಕತ್ತರಿಸೋಕೆ ಅದು ಸಾಕಿದ ಪ್ರಾಣಿಯಲ್ಲ. ಕೊಂದು, ತೊಗಲು ಸುಲಿದು, ಆಮೇಲೆ ಕೂದಲು ಕೀಳುತ್ತಾರೆ. 1979ರಿಂದಲೇ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧವಿದೆ. ಆದರೂ ವ್ಯಾಪಾರಿಗಳು ಬಹಳ ಕಾಲ ಒಂದು ಕಥೆ ಹೇಳಿಕೊಂಡು ಬಂದರು: ಚಿರು ಮೈ ಉಜ್ಜಿದಾಗ ಪೊದೆಗೆ ಅಂಟಿಕೊಳ್ಳುವ ಕೂದಲನ್ನು ಆರಿಸಿ ತರುತ್ತಾರೆ ಅಂತ. ಕೊಳ್ಳುವವರು ನಂಬಿದರು. ಹಿಂದೆ ಹತ್ತು ಲಕ್ಷದಷ್ಟು ಇದ್ದವು ಎಂದು ಅಂದಾಜಿಸುವ ಚಿರುಗಳು 1990ರ ದಶಕದ ನಡುವಿಗೆ 75,000ಕ್ಕಿಂತ ಕೆಳಗಿಳಿದಿದ್ದವು. ಕಾವಲು ಬಿಗಿಯಾದ ಮೇಲೆ ಈಗ ಮತ್ತೆ ಹೆಚ್ಚಿವೆ. ಅದು ನನಗೆ ತುಂಬಾ ಸಮಾಧಾನ ಕೊಡುವ ಸಂಗತಿ.

ಇದನ್ನು ‘ಚಿರು ಉಣ್ಣೆ’ ಅಂತ ಬರೆದೆ. ಓದಿದ ಹುಡುಗಿಯೊಬ್ಬಳು ‘ಮತ್ತೆ ಕೂದಲು ಬೆಳೆಯುತ್ತಲ್ವಾ?’ ಅಂದಳು. ಅವಳು ಕೇಳಿದ್ದು ಸರಿಯೇ. ನಮಗೆ ಉಣ್ಣೆ ಅಂದರೆ ಕುರಿ, ಕಂಬಳಿ. ಕತ್ತರಿಸಿದ ಮೇಲೆ ಕುರಿ ಮೇಯೋಕೆ ಹೋಗುತ್ತದೆ. ಪಶ್ಮೀನಾ ಕೂಡ ಹಾಗೇ, ಸಾಕಿದ ಮೇಕೆಯ ಮೈ ಬಾಚಿ ತೆಗೆಯುವುದು. ಶಾಹ್ತೂಷನ್ನೂ ಪಶ್ಮೀನಾವನ್ನೂ ಒಂದೇ ಪದದಲ್ಲಿ ಹೇಳಿದರೆ ಕೊಲೆ ಕಾಣೋದೇ ಇಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಜೀವಂತ ಕುರಿಯಿಂದ ಕತ್ತರಿಸಿದ ಉಣ್ಣೆಗೂ ಸತ್ತ ಕುರಿಯ ತೊಗಲಿನಿಂದ ಕಿತ್ತ ಉಣ್ಣೆಗೂ ಕಂಬಳಿ ನೇಯುವವರ ಮಾತಿನಲ್ಲಿ ಬೇರೆ ಬೇರೆ ಹೆಸರು ಇದೆಯೇ? ಚಳ್ಳಕೆರೆ ಕಡೆಯವರು, ಬೆಳಗಾವಿ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ತಿಳಿಸಿ. ಅಂಥ ಪದ ಸಿಕ್ಕರೆ ಅದನ್ನೇ ಹಾಕುತ್ತೇನೆ. ಸಿಗದಿದ್ದರೆ ‘ಸುಲಿದ ಉಣ್ಣೆ’ ಅಂತ ಇಡೋಣವೇ?

ಎರಡನೆಯದು ಫರ್. ತುಪ್ಪಟ, ತುಪ್ಪುಳ ಎರಡೂ ಚೆಂದದ ಪದಗಳೇ. ಆದರೆ ಎರಡೂ ಹೇಳೋದು ಬರೀ ಕೂದಲನ್ನು. ಫರ್ ಕೋಟು ಅಂದರೆ ಕೂದಲಿನ ಸಮೇತ ಹದ ಮಾಡಿದ ತೊಗಲು. ಹುಲಿದೊಗಲು ಇರುವ ಹಾಗೆ ‘ತುಪ್ಪುಳದೊಗಲು’ ಅನ್ನಬಹುದೇ? ಬಾಯಿಗೆ ಸ್ವಲ್ಪ ಭಾರ ಅನ್ನಿಸುತ್ತಿದೆ.

ಹಾವಿನ ವಿಷಯದಲ್ಲಿ ನನಗೆ ಗೊಂದಲವಿಲ್ಲ. ಹೆಬ್ಬಾವಿನ ಬ್ಯಾಗಿಗೆ ‘ಪೊರೆ’ ಅಂತ ಯಾರೂ ಬರೆಯಬಾರದು. ಪೊರೆ ಹಾವು ತಾನಾಗಿ ಬಿಡುವಂಥದ್ದು. ಕೈಯಲ್ಲಿ ಹಿಡಿದರೆ ಚರಚರ ಎನ್ನುತ್ತದೆ, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ, ಬೇಗ ಹರಿಯುತ್ತದೆ. ಅದರಲ್ಲಿ ಬ್ಯಾಗ್ ಹೊಲಿಯೋಕೆ ಬರುವುದಿಲ್ಲ. ಬ್ಯಾಗಿನದು ತೊಗಲು.

ನಿಜವಾಗಿ ಕಷ್ಟವಾಗಿರುವುದು ‘ಕಾಡುಪ್ರಾಣಿ’ ಎಂಬ ಪದವೇ. ಮಿಂಕ್ ತೆಗೆದುಕೊಳ್ಳಿ. ನಮ್ಮ ನೀರುನಾಯಿಯ ದೂರದ ನೆಂಟ. ಹೊಳೆದಂಡೆಯಲ್ಲಿ ಒಂಟಿಯಾಗಿ ಓಡಾಡುತ್ತದೆ, ಈಜಿ ಬೇಟೆಯಾಡುತ್ತದೆ. ಫರ್‌ಗಾಗಿ ಅದನ್ನು ಸಾವಿರಗಟ್ಟಲೆ ತಂತಿಬೋನುಗಳಲ್ಲಿ ಇಡುತ್ತಾರೆ. 2020ರ ನವೆಂಬರಿನಲ್ಲಿ ಕೊರೊನಾ ಹರಡೀತು ಎಂದು ಡೆನ್ಮಾರ್ಕ್ ಸರ್ಕಾರ ತನ್ನ ದೇಶದ ಮಿಂಕ್‌ಗಳನ್ನೆಲ್ಲ ಕೊಲ್ಲಲು ಹೇಳಿತು. ಒಂದೂವರೆ ಕೋಟಿಗೂ ಜಾಸ್ತಿ ಇದ್ದವು. ಇದನ್ನು ‘ಮಿಂಕ್ ಸಾಕಣೆ’ ಅಂತ ಬರೆದ ಕೂಡಲೇ ಮಿಂಕ್ ಸಾಕುಪ್ರಾಣಿ ಆಗಿಬಿಡುತ್ತದೆ. ದನ, ಮೇಕೆ, ಕುರಿ ಸಾವಿರಾರು ವರ್ಷಗಳಿಂದ ಮನುಷ್ಯರ ಜೊತೆ ಬಾಳಿ ಪಳಗಿದವು. ಮಿಂಕ್ ಹಾಗಲ್ಲ. ಬೋನಿನಲ್ಲಿ ಹುಟ್ಟಿದರೂ ಅದಕ್ಕೆ ಹೊಳೆಯೇ ಬೇಕು. ಹಾಗಂತ ‘ಕಾಡುಪ್ರಾಣಿ’ ಅಂದರೆ, ‘ಕಾಡಲ್ಲೆಲ್ಲಿದೆ, ಫಾರ್ಮಿನಲ್ಲಿ ತಾನೇ ಇರೋದು’ ಎಂಬ ಮಾತು ಬರುತ್ತದೆ. ತೊಗಲಿಗಾಗಿ ಫಾರ್ಮುಗಳಲ್ಲಿ ಇಡುವ ಮೊಸಳೆಗೂ ಇದೇ ತೊಡಕು. ‘ಪಳಗದ ಪ್ರಾಣಿ’, ‘ಕಾಡುಜಾತಿಯ ಪ್ರಾಣಿ’ ಇವೆರಡರಲ್ಲಿ ನಿಮಗೆ ಯಾವುದು ಸರಿ ಅನ್ನಿಸುತ್ತದೆ? ‘ಸಾಕಣೆ’ ಬದಲು ಏನು ಹಾಕಬಹುದು? ‘ಕೂಡಿಹಾಕಿ ಬೆಳೆಸುವುದು’ ಅಂತ ಸದ್ಯಕ್ಕೆ ಬರೆದಿದ್ದೇನೆ.

ಇನ್ನು ‘ಎಕ್ಸಾಟಿಕ್ ಸ್ಕಿನ್’. ಹೆಬ್ಬಾವು, ಮೊಸಳೆ ಮುಂತಾದವುಗಳ ತೊಗಲಿಗೆ ಮಾರುವವರು ಇಟ್ಟ ಹೆಸರು. ಫ್ರಾನ್ಸಿನ ಫ್ಯಾಷನ್ ಕಂಪನಿ ಶನೆಲ್ 2018ರಲ್ಲಿ ಇವನ್ನು ಕೈಬಿಟ್ಟಿತು. ಲಂಡನ್ ಫ್ಯಾಷನ್ ವೀಕ್ 2025ರಿಂದ ತನ್ನ ವೇದಿಕೆಯಲ್ಲಿ ನಿಷೇಧಿಸಿತು. ಭಾರತವಂತೂ 2017ರಲ್ಲೇ ಹಾವು, ಮೊಸಳೆಯಂಥ ಸರೀಸೃಪಗಳ ತೊಗಲು ಮತ್ತು ಮಿಂಕ್, ನರಿ, ಚಿಂಚಿಲ್ಲಾ (ಇಲಿಯ ಜಾತಿಯ ಪುಟ್ಟ ಪ್ರಾಣಿ)ಗಳ ಫರ್ ಆಮದನ್ನು ನಿಲ್ಲಿಸಿತು. ‘ವಿಲಕ್ಷಣ ಚರ್ಮ’, ‘ವಿಶಿಷ್ಟ ಚರ್ಮ’ ಎರಡೂ ನನಗೆ ಬೇಡ. ಮಾರುವವರ ಹೊಗಳಿಕೆಯನ್ನು ನಾವು ಯಾಕೆ ಅನುವಾದಿಸಬೇಕು? ಸುಮ್ನೆ ಪ್ರಾಣಿಯ ಹೆಸರು ಹೇಳಿ ‘ಹೆಬ್ಬಾವಿನ ತೊಗಲು, ಮೊಸಳೆ ತೊಗಲು’ ಅಂದರೆ ಸಾಕು ಅನ್ನೋದು ನನ್ನ ಅಭಿಪ್ರಾಯ. ಬೇರೆ ಯೋಚನೆ ಇದ್ದವರು ಹೇಳಿ.

ಉತ್ತರ ಬರೆಯುವವರು ಪದ ಎಲ್ಲಿ ಕೇಳಿದ್ದು, ಯಾವ ಊರಿನದು ಅಂತಲೂ ತಿಳಿಸಿದರೆ ಉಪಕಾರ. ನಿಘಂಟಿನ ಪದಕ್ಕಿಂತ ಬಾಯಲ್ಲಿ ಬಳಕೆಯಲ್ಲಿರೋದು ಸಿಕ್ಕರೆ ಮಕ್ಕಳಿಗೆ ಬೇಗ ಹತ್ತುತ್ತದೆ.