ಪೈಲ್‌ಗೆ ‘ಗೂಟ’ ಎನ್ನಬಹುದೇ?

ನಮಸ್ಕಾರ. ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಅಡಿಪಾಯದ ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೇಲ್ಮಣ್ಣು ಸಡಿಲವಿದ್ದಾಗ ಕಟ್ಟಡದ ಭಾರವನ್ನು ಆಳದ ಗಟ್ಟಿನೆಲಕ್ಕೆ ಇಳಿಸುವ, ನೆಲದೊಳಗಿನ ಕಂಬದಂಥ ಪೈಲ್‌ಗೆ ಮೊದಲು ‘ಗೂಟ’ ಎಂದೇ ಬರೆದೆ. ಎರಡನೇ ಪುಟಕ್ಕೇ ತೊಡಕಾಯಿತು.

ಗೂಟ ಎಂದರೆ ಮೇಲೆ ಸಿದ್ಧಮಾಡಿಕೊಂಡು ನೆಲಕ್ಕೆ ಬಡಿಯುವಂಥದ್ದು. ಮರದ, ಉಕ್ಕಿನ ಪೈಲ್‌ಗಳಿಗೆ ಅದು ಒಪ್ಪುತ್ತದೆ. ನನ್ನ ಪಾಠದಲ್ಲಿರುವುದು ನೆಲದೊಳಗೇ ರೂಪ ತಳೆಯುವ ಕಾಂಕ್ರೀಟ್ ಪೈಲ್. ಕುಳಿ ಕೊರೆದು, ಪಕ್ಕದ ಮಣ್ಣು ಕುಸಿಯದಂತೆ ಬೆಂಟೊನೈಟ್ ಎಂಬ ಜೇಡಿಮಣ್ಣು ಕಲಸಿದ ನೀರು ತುಂಬಿಸಿ, ಕಂಬಿಯ ಪಂಜರ ಇಳಿಸಿ, ಟ್ರೆಮಿ ಕೊಳವೆಯಿಂದ ತಳದಲ್ಲಿ ಕಾಂಕ್ರೀಟ್ ಬಿಡುತ್ತಾರೆ. ಅದು ಏರಿದಂತೆ ಹಗುರವಾದ ಬೆಂಟೊನೈಟ್ ನೀರು ಮೇಲೆ ಬಂದು ಹೊರಹೋಗುತ್ತದೆ. ಕೊಳವೆಯ ಬಾಯಿ ಮಾತ್ರ ಸದಾ ಹಸಿ ಕಾಂಕ್ರೀಟಿನೊಳಗೆ ಹುದುಗಿರಬೇಕು. ಮೇಲೆದ್ದರೆ ಕೆಸರು ನಡುವೆ ಸೇರಿ ಪೈಲ್ ಅಲ್ಲೇ ತುಂಡಾದಂತೆ. ಉಕ್ಕಿನ ಕೊಳವೆಯನ್ನು ಬಡಿದಿಳಿಸಿ ಅದರೊಳಗೆ ಕಾಂಕ್ರೀಟ್ ಹೊಯ್ಯುವ ಬಗೆಯೂ ಇದೆ. ಅಲ್ಲೂ ಬಡಿಯುವುದು ಕೊಳವೆಯನ್ನು, ಪೈಲನ್ನಲ್ಲ. ‘ಗೂಟ ಹೊಯ್ಯುವುದು’ ಎಂಬ ಮಾತು ನನ್ನ ಕಿವಿಗಂತೂ ಒಗ್ಗುತ್ತಿಲ್ಲ.

ಇಂಥ ಪೈಲ್‌ಗೆ ‘ಸ್ಥಳದಲ್ಲೇ ಎರಕ ಹೊಯ್ದ’ ಎಂಬ ವಿಶೇಷಣವೂ ಸಾಲದು. ಕೆಲಸದ ಜಾಗದಲ್ಲೇ ಎರಕ ಹೊಯ್ದು, ಗಟ್ಟಿಯಾದ ಮೇಲೆ ಬಡಿಯುವ ಪೈಲ್‌ಗಳೂ ಉಂಟಲ್ಲ! ಹಾಗಾಗಿ ‘ನೆಲದೊಳಗೇ ಹೊಯ್ದ ಪೈಲ್’ ಎಂದು ಬರೆದುಕೊಂಡಿದ್ದೇನೆ. ಪೈಲ್ ಎಂಬ ಹೆಸರು ಹಾಗೇ ಇರಲಿ, ಕ್ರಿಯಾಪದ ಕನ್ನಡದ್ದಾದರೆ ವಿಷಯ ತಾನಾಗಿ ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಪೈಲ್‌ನ ಕೆಳಗಿನ ಕೊನೆ: ತುದಿಯೋ, ಬುಡವೋ? ತುದಿ ಎಂದರೆ ವಿದ್ಯಾರ್ಥಿಗಳ ಕಣ್ಣು ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಗಟ್ಟಿನೆಲದ ಮೇಲೆ ಊರಿ ಸಿಗುವ ಬಲಕ್ಕೆ ‘ಬುಡದಾಸರೆ’, ಸುತ್ತಲ ಮಣ್ಣು ಹಿಡಿದುಕೊಳ್ಳುವ ಬಲಕ್ಕೆ ‘ಮೈಘರ್ಷಣೆ’ ಎಂದಿದ್ದೇನೆ. ಇವೆರಡು ಬೆರೆತರೆ ಲೆಕ್ಕವೇ ತಪ್ಪುತ್ತದೆ. ಉದ್ದ ಹಾಗೇ ಇದ್ದು ವ್ಯಾಸ 600 ಮಿ.ಮೀ.ನಿಂದ 1200 ಮಿ.ಮೀ.ಗೆ ಏರಿದರೆ ಬುಡದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ಮೈಯದು ಎರಡೇ ಪಟ್ಟು.

ಉಳಿದದ್ದು ತಲೆ. ಕೆಸರು ಬೆರೆತ ಮೇಲಿನ ಕಾಂಕ್ರೀಟನ್ನು, ಗಟ್ಟಿಯಾದ ಮೇಲೆ, ಒಳ್ಳೆಯ ಕಾಂಕ್ರೀಟ್ ಕಾಣುವವರೆಗೆ ಒಡೆದು ತೆಗೆಯುತ್ತಾರೆ. ‘ತಲೆ ಒಡೆಯುವುದು’ ಎಂದರೆ ಪೈಲ್ ಕೆಟ್ಟಿತು ಎಂಬ ಅರ್ಥ ಬಂದೀತೇ? ‘ತಲೆ ಸವರುವುದು’ ಸರಿಹೋದೀತೇ? ಕೆಲಸದ ಜಾಗದಲ್ಲಿ ನೀವು ಕೇಳಿದ ಮಾತಿದ್ದರೆ ದಯವಿಟ್ಟು ತಿಳಿಸಿ.